ತುಂಗಭದ್ರಾ ಕಣಿವೆಯ ಸ್ಥಳೀಯ ಅಲಂಕಾರಿಕ ಮೀನುಗಳು

ತುಂಗಭದ್ರಾ ಕಣಿವೆಯ ಸ್ಥಳೀಯ ಅಲಂಕಾರಿಕ ಮೀನುಗಳು ಎಂದರೆ ತುಂಗಭದ್ರಾ ನದಿ, ಅದರ ಉಪನದಿಗಳು, ಕಾಲುವೆಗಳು ಮತ್ತು ಕೆರೆಗಳಲ್ಲಿ ಸಹಜವಾಗಿ ಬದುಕುವ, ಬಣ್ಣ, ಆಕಾರ ಅಥವಾ ನಡವಳಿಕೆಯ ಕಾರಣದಿಂದ ಅಕ್ವೇರಿಯಂಗಳಲ್ಲಿ ಸಾಕಲು ಯೋಗ್ಯವಾದ ಸಿಹಿನೀರಿನ ಸಣ್ಣ ಮೀನುಗಳು. ಈ ಲೇಖನವು ಮುಖ್ಯವಾಗಿ ವಿಜಯನಗರ ಜಿಲ್ಲೆಯ ಹೊಸಪೇಟೆ ಮತ್ತು ಹಂಪಿ, ಬಳ್ಳಾರಿ ಜಿಲ್ಲೆಯ ಸಂಡೂರು ಮತ್ತು ಕಂಪ್ಲಿ ಪ್ರದೇಶಗಳನ್ನು ಹಾಗೂ ಇಂತಹ ಮೀನುಗಳ ಸುಸ್ಥಿರ ವ್ಯಾಪಾರಕ್ಕೆ ಸಂಬಂಧಿಸಿದ ಜೈವಿಕ, ಆರ್ಥಿಕ ಮತ್ತು ಕಾನೂನು ಅಂಶಗಳನ್ನು ಕುರಿತದ್ದಾಗಿದೆ. ಅಂತರರಾಷ್ಟ್ರೀಯ ಅಕ್ವೇರಿಯಂ ಮಾರುಕಟ್ಟೆಯಲ್ಲಿ ಬೇಡಿಕೆಯಿರುವ ಮತ್ತು ಇಂದು ಅಳಿವಿನಂಚಿನಲ್ಲಿರುವ ಪಟ್ಟೆ ಬೋಟಿಯಾ ಮೀನು ಮೊದಲು ವೈಜ್ಞಾನಿಕವಾಗಿ ವರ್ಣಿತವಾದದ್ದು ಇದೇ ನದಿಯ ಮೂಲಧಾರೆಗಳಲ್ಲೊಂದಾದ ತುಂಗೆಯಿಂದ.

## ಭೌಗೋಳಿಕ ಹಿನ್ನೆಲೆ

ಪಶ್ಚಿಮ ಘಟ್ಟದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಮಲೆನಾಡಿನಲ್ಲಿ ತಂಪಾದ, ಆಮ್ಲಜನಕ ಹೆಚ್ಚಿರುವ, ವೇಗವಾಗಿ ಹರಿಯುವ ನೀರು ಹೊಸಪೇಟೆಯನ್ನು ತಲುಪುವ ಹೊತ್ತಿಗೆ ಬಯಲುಸೀಮೆಯ ಬೆಚ್ಚಗಿನ ನೀರಾಗಿ ಮಾರ್ಪಟ್ಟಿರುತ್ತದೆ. ಆದ್ದರಿಂದ ಒಂದೇ ನದಿಯಾದರೂ ಮೇಲ್ಭಾಗದ ಮತ್ತು ಕೆಳಭಾಗದ ಮೀನುಗಳ ಸಮುದಾಯಗಳು ಬೇರೆಬೇರೆಯಾಗಿವೆ.

ಈ ಪ್ರದೇಶದ ಜಲನೆಲೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

* ಜಲಾಶಯ: ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಸಂಗ್ರಹ ಸಾಧ್ಯವಾಯಿತು. 33 ಕ್ರಸ್ಟ್ ಗೇಟುಗಳಿರುವ ಈ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳಿನ ಕಾರಣ ಅದು ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಇಲ್ಲಿಯ ಮೀನುಗಾರಿಕೆ ಬಹುಪಾಲು ಕಾಟ್ಲಾ, ರೋಹು, ಮೃಗಾಲ್ ಮೊದಲಾದ ಆಹಾರ ಮೀನುಗಳನ್ನು ಅವಲಂಬಿಸಿದೆ.
* ಬಂಡೆಗಳ ನಡುವಿನ ನದಿ: ಅಣೆಕಟ್ಟಿನ ಕೆಳಗೆ ಹಂಪಿ ಮತ್ತು ಆನೆಗೊಂದಿಯ ನಡುವೆ ನದಿಯು ಕಣಶಿಲೆಯ ಬಂಡೆಗಳನ್ನು ಸೀಳಿಕೊಂಡು ಹರಿಯುತ್ತದೆ. ಬೇಸಿಗೆಯಲ್ಲಿ ಹರಿವು ಇಳಿದಾಗ ಬಂಡೆಗಳ ನಡುವೆ ಮಡುಗಳು ಉಳಿದು, ಸಣ್ಣ ಮೀನುಗಳಿಗೆ ಆಶ್ರಯ ನೀಡುತ್ತವೆ.
* ಕಾಲುವೆ ಮತ್ತು ಕೆರೆಗಳು: ರಾಯ, ಬಸವಣ್ಣ, ತುರ್ತಾ, ಕಂಪ್ಲಿ ಮುಂತಾದ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಭತ್ತ, ಕಬ್ಬು, ಬಾಳೆ ತೋಟಗಳಿಗೆ ನೀರುಣಿಸುತ್ತಿವೆ. ಕಮಲಾಪುರ ಮತ್ತು ದರೋಜಿ ಕೆರೆಗಳೂ ಇದೇ ವ್ಯಾಪ್ತಿಗೆ ಸೇರಿವೆ. ನಿಧಾನ ಹರಿವು, ಜಲಸಸ್ಯ ಮತ್ತು ಆಳವಿಲ್ಲದ ಅಂಚುಗಳಿಂದಾಗಿ ಇವು ಸಣ್ಣ ಮೀನುಗಳ ಉತ್ತಮ ನೆಲೆಗಳಾಗಿವೆ.
* ಗುಡ್ಡಗಾಡಿನ ಹಳ್ಳಗಳು: ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಸಾಲುಗಳಿಂದ ಇಳಿಯುವ ಹಳ್ಳಗಳಲ್ಲಿ ನಾರಿಹಳ್ಳ ಮುಖ್ಯವಾದದ್ದು. ತಾರಾನಗರದ ಬಳಿ ಇದಕ್ಕೆ ಅಣೆಕಟ್ಟು ಕಟ್ಟಲಾಗಿದೆ.

## ಪ್ರಭೇದಗಳು

ಕನ್ನಡದಲ್ಲಿ ಸಣ್ಣ ಗೆಂಡೆ ಜಾತಿಯ ಮೀನುಗಳನ್ನು ಅನೇಕ ಕಡೆ ಒಟ್ಟಾಗಿ ‘ಪಕ್ಕೆ’ ಎಂದು ಕರೆಯುವುದರಿಂದ ಒಂದೇ ಹೆಸರಿನಡಿ ಹಲವು ಪ್ರಭೇದಗಳು ಸೇರಿಹೋಗುತ್ತವೆ. ವ್ಯಾಪಾರದ ದಾಖಲೆಗಳಿಗೆ ಪ್ರಭೇದದ ನಿಖರ ಗುರುತಿಸುವಿಕೆ ಅಗತ್ಯವಾದ್ದರಿಂದ ವೈಜ್ಞಾನಿಕ ಹೆಸರುಗಳ ಬಳಕೆ ಅನಿವಾರ್ಯ.

### ಬಯಲು ಭಾಗದ ಮೀನುಗಳು

* ಪೆಥಿಯಾ ಟಿಕ್ಟೊ: ಬೆಳ್ಳಿಯ ಮೈಯ ಮೇಲೆ ಎರಡು ಕಪ್ಪು ಚುಕ್ಕೆಗಳಿರುವ ಪುಟ್ಟ ಪಕ್ಕೆ. ಗುಂಪಿನಲ್ಲಿ ಬದುಕುತ್ತದೆ, ತೊಟ್ಟಿಯ ನೀರಿಗೆ ಬೇಗ ಹೊಂದಿಕೊಳ್ಳುತ್ತದೆ.
* ಪುಂಟಿಯಸ್ ಸೊಫೋರ್: ಕೆರೆ, ಕಾಲುವೆ, ಗದ್ದೆಗಳಲ್ಲಿ ಹೇರಳವಾಗಿ ದೊರೆಯುವ ಪಕ್ಕೆ. ಇದನ್ನು ಆಹಾರಕ್ಕೂ ಬಳಸುತ್ತಾರೆ.
* ರಾಸ್ಬೊರಾ ಡ್ಯಾನಿಕೋನಿಯಸ್: ದೇಹದ ಉದ್ದಕ್ಕೂ ಒಂದು ಕಪ್ಪು ಗೆರೆ ಇರುವ, ಚುರುಕಾಗಿ ಈಜುವ ಮೀನು.
* ಗಾಜಿನ ಮೀನುಗಳು: ಪರಂಬಾಸಿಸ್ ರಂಗಾ ಮತ್ತು ಚಂದಾ ನಾಮ. ಮೂಳೆಗಳು ಹೊರಗಿನಿಂದಲೇ ಕಾಣುವಷ್ಟು ಪಾರದರ್ಶಕ ದೇಹ ಇವುಗಳ ಆಕರ್ಷಣೆ. ಮಾರುಕಟ್ಟೆಯ ಕೆಲವೆಡೆ ಇವುಗಳ ದೇಹಕ್ಕೆ ಕೃತಕ ಬಣ್ಣ ಚುಚ್ಚುವ ಕ್ರೂರ ಪದ್ಧತಿಯಿದ್ದು, ಅದು ಮೀನುಗಳ ಆಯುಸ್ಸನ್ನು ಕುಗ್ಗಿಸುತ್ತದೆ.
* ರೋಹ್ಟೀ ಒಗಿಲ್ಬಿಐ: ಎತ್ತರವಾದ ಚಪ್ಪಟೆ ದೇಹದ ಬೆಳ್ಳಿ ಮೀನು. ದಖ್ಖನಿನ ನದಿಗಳಿಗೆ ಸೀಮಿತವಾದ ಇದನ್ನು ಡಬ್ಲ್ಯು. ಎಚ್. ಸೈಕ್ಸ್ 1839ರಲ್ಲಿ ವರ್ಣಿಸಿದನು.
* ಕ್ಸೆನೆಂಟೊಡಾನ್ ಕ್ಯಾನ್ಸಿಲಾ: ಸೂಜಿಯಂತೆ ನೀಳವಾದ ಬಾಯಿಯುಳ್ಳ ಮೀನು. ಜೀವಂತ ಆಹಾರವನ್ನೇ ಬಯಸುವುದರಿಂದ ಹೊಸದಾಗಿ ಮೀನು ಸಾಕುವವರಿಗೆ ಸೂಕ್ತವಲ್ಲ.
* ಮಾಸ್ಟಾಸೆಂಬೆಲಸ್ ಆರ್ಮೇಟಸ್: ಹಾವುಮೀನು. ಮರಿಗಳು ಆಕರ್ಷಕವಾಗಿದ್ದರೂ ದೊಡ್ಡದಾಗಿ ಬೆಳೆಯುವುದರಿಂದ ಸಣ್ಣ ತೊಟ್ಟಿಗೆ ಒಗ್ಗುವುದಿಲ್ಲ.

### ಹಳ್ಳ ಮತ್ತು ಮಲೆನಾಡಿನ ಮೀನುಗಳು

ಡೆವಾರಿಯೊ ಕುಲದ ನೀಲಿ-ಹಳದಿ ಗೆರೆಗಳ ಮೀನುಗಳು, ಬಂಡೆಗಳಿಗೆ ಅಂಟಿಕೊಂಡು ಪಾಚಿ ತಿನ್ನುವ ಗಾರಾ ಮುಲ್ಯಾ ಮತ್ತು ಮರಳಿನಲ್ಲಿ ಹುದುಗುವ ಲೆಪಿಡೊಸೆಫಾಲಿಕ್ತಿಸ್ ಥರ್ಮಾಲಿಸ್ ಹರಿಯುವ ನೀರನ್ನು ಬಯಸುವ ಮೀನುಗಳು. ಮೂಲಧಾರೆಗಳಲ್ಲಿ ಪಟ್ಟೆ ಬೋಟಿಯಾ ಅಲ್ಲದೆ, 2015ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ತುಂಗಾ ನದಿಯಿಂದ ವರ್ಣಿತವಾದ ಪೆಥಿಯಾ ಸ್ಟ್ರಯೇಟಾ ಕೂಡ ಇದೆ. ಇತ್ತೀಚಿನವರೆಗೂ ಹೊಸ ಪ್ರಭೇದಗಳು ದೊರೆಯುತ್ತಿರುವುದು ಈ ನದಿಯ ಮತ್ಸ್ಯಸಂಪತ್ತಿನ ಅಧ್ಯಯನ ಇನ್ನೂ ಮುಗಿದಿಲ್ಲವೆಂಬುದನ್ನು ಸೂಚಿಸುತ್ತದೆ.

## ಪಟ್ಟೆ ಬೋಟಿಯಾ

ಪಟ್ಟೆ ಬೋಟಿಯಾ (ಬೋಟಿಯಾ ಸ್ಟ್ರಯೇಟಾ) ಮೀನನ್ನು 1920ರಲ್ಲಿ ಸಿ. ಆರ್. ನಾರಾಯಣ ರಾವ್ ಅವರು ತುಂಗಾ ನದಿಯ ಮಾದರಿಗಳನ್ನು ಆಧರಿಸಿ ವರ್ಣಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಮುಂದೆ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದರು. ಹಳದಿ ಮೈಯ ಮೇಲೆ ಸುತ್ತುವರಿದ ನವಿರಾದ ಕಪ್ಪು ಪಟ್ಟೆಗಳಿಂದಾಗಿ ಅಕ್ವೇರಿಯಂ ವ್ಯಾಪಾರದಲ್ಲಿ ಇದನ್ನು ಜೀಬ್ರಾ ಲೋಚ್ ಎಂದು ಕರೆಯುತ್ತಾರೆ. ವಯಸ್ಕ ಮೀನಿನ ಉದ್ದ ಸಾಮಾನ್ಯವಾಗಿ 6ರಿಂದ 8 ಸೆಂಟಿಮೀಟರ್. ಕರ್ನಾಟಕ ಮತ್ತು ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ, ಮುಖ್ಯವಾಗಿ ಕೃಷ್ಣಾ ಕೊಳ್ಳದ ಮೇಲ್ಭಾಗದ ಕೆಲವೇ ಹೊಳೆಗಳಲ್ಲಿ ಇದು ವಾಸಿಸುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ‘ಅಳಿವಿನಂಚಿನಲ್ಲಿರುವ’ ಪ್ರಭೇದ.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2005ರಿಂದ 2012ರವರೆಗೆ ಭಾರತದಿಂದ ಅಪಾಯದಲ್ಲಿರುವ 30 ಪ್ರಭೇದಗಳಿಗೆ ಸೇರಿದ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ಅಕ್ವೇರಿಯಂ ವ್ಯಾಪಾರಕ್ಕಾಗಿ ರಫ್ತಾಗಿವೆ. ಇವುಗಳಲ್ಲಿ ಹೆಚ್ಚಿನ ಪಾಲು ಪಟ್ಟೆ ಬೋಟಿಯಾ, ಕುಬ್ಜ ಪಫರ್ ಮೀನು (ಕ್ಯಾರಿನೊಟೆಟ್ರಡಾನ್ ಟ್ರಾವಂಕೋರಿಕಸ್) ಮತ್ತು ಮಿಸ್ ಕೇರಳ ಮೀನುಗಳದ್ದು. ಇಷ್ಟೂ ರಫ್ತಿನ ಒಟ್ಟು ಮೌಲ್ಯ ಸುಮಾರು 12.6 ಲಕ್ಷ ಅಮೆರಿಕನ್ ಡಾಲರ್, ಅಂದರೆ ಮೀನೊಂದಕ್ಕೆ ಸರಾಸರಿ ಒಂದು ಡಾಲರಿಗಿಂತಲೂ ಕಡಿಮೆ. ಈ ರಫ್ತು ಮೌಲ್ಯದಲ್ಲಿ ಮಧ್ಯವರ್ತಿಗಳ ಪಾಲೂ ಸೇರಿರುವುದರಿಂದ ಹೊಳೆಯಲ್ಲಿ ಮೀನು ಹಿಡಿಯುವವರಿಗೆ ದೊರೆಯುವುದು ಇನ್ನೂ ಕಡಿಮೆ. ಬೇಗ ಅಳಿಯಬಲ್ಲ ಸಂಪತ್ತು ಅಗ್ಗದ ಬೆಲೆಗೆ ಹೊರಹೋಗುವುದು ಈ ವ್ಯಾಪಾರದ ಮೂಲ ಸಮಸ್ಯೆಯಾಗಿದೆ.

## ಮಿಸ್ ಕೇರಳ ಮೀನಿನ ನಿದರ್ಶನ

ಸ್ಥಳೀಯ ಮೀನಿನ ವ್ಯಾಪಾರವನ್ನು ನಿಯಂತ್ರಿಸಲು ದಕ್ಷಿಣ ಭಾರತದಲ್ಲಿ ನಡೆದ ಪ್ರಮುಖ ಪ್ರಯತ್ನ ಕೇರಳದ ಮಿಸ್ ಕೇರಳ ಮೀನಿಗೆ (ಸಹ್ಯಾದ್ರಿಯಾ ಡೆನಿಸೋನಿ) ಸಂಬಂಧಿಸಿದೆ. ಫ್ರಾನ್ಸಿಸ್ ಡೇ 1865ರಲ್ಲಿ ವರ್ಣಿಸಿದ ಈ ಮೀನು 1990ರ ದಶಕದಲ್ಲಿ ವಿದೇಶಿ ಮಾರುಕಟ್ಟೆಯಲ್ಲಿ ಜನಪ್ರಿಯವಾಯಿತು. ಕೆಲವೇ ನದಿಗಳಿಂದ ಎಗ್ಗಿಲ್ಲದೆ ಹಿಡಿದದ್ದರಿಂದ ಅದರ ಸಂಖ್ಯೆ ಕುಸಿಯಿತು.

ಕೇರಳ ಸರ್ಕಾರವು 2008ರಲ್ಲಿ ಹಿಡಿಯುವಿಕೆಯ ಮೇಲೆ ಋತುಮಾನದ ನಿಷೇಧ ಮತ್ತು ಗಾತ್ರದ ಮಿತಿಗಳನ್ನು ವಿಧಿಸಿತು. ಆದರೆ ನಿಷೇಧಕ್ಕೆ ಆಯ್ದ ತಿಂಗಳುಗಳು ಮೀನಿನ ನಿಜವಾದ ಸಂತಾನೋತ್ಪತ್ತಿ ಕಾಲಕ್ಕೆ ಹೊಂದಿಕೆಯಾಗಿರಲಿಲ್ಲವೆಂದು ನಂತರದ ಸಂಶೋಧನೆಗಳು ತೋರಿಸಿದವು. ನಿಯಮಗಳ ಜಾರಿಯೂ ದುರ್ಬಲವಾಗಿತ್ತು. ಇದೇ ಅವಧಿಯಲ್ಲಿ ಕೇರಳದ ಪನಂಗಾಡಿನ ಮೀನುಗಾರಿಕೆ ಕಾಲೇಜಿನಲ್ಲಿ ಈ ಮೀನನ್ನು ತೊಟ್ಟಿಗಳಲ್ಲಿ ಮರಿ ಮಾಡಿಸುವ ವಿಧಾನವನ್ನು ರೂಪಿಸಲಾಯಿತು. 2022ರ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ ಅನುಸೂಚಿಗಳಲ್ಲಿ ಮಿಸ್ ಕೇರಳ ಸೇರ್ಪಡೆಯಾದ ಮೇಲೆ ಸಾಕಣೆಯ ಮೀನನ್ನು ಕಾಡಿನ ಮೀನಿನಿಂದ ಬೇರ್ಪಡಿಸಿ ತೋರಿಸುವ ದಾಖಲೆಗಳ ಮಹತ್ವ ಹೆಚ್ಚಿತು.

ತುಂಗಭದ್ರೆಯ ಮಟ್ಟಿಗೆ ಈ ನಿದರ್ಶನದಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನಿಷೇಧದ ಕಾಲವನ್ನು ಪ್ರಭೇದವಾರು ಅಧ್ಯಯನದ ಮೇಲೆ ನಿಗದಿಪಡಿಸಬೇಕು. ಎರಡನೆಯದಾಗಿ, ಮರಿ ಉತ್ಪಾದನೆಯು ಬೇಡಿಕೆ ಏರುವುದಕ್ಕೆ ಮುಂಚೆಯೇ ಆರಂಭವಾಗಬೇಕು. ಮೂರನೆಯದಾಗಿ, ಮೀನಿನ ಮೂಲವನ್ನು ಸಾಬೀತುಪಡಿಸುವ ವ್ಯವಸ್ಥೆ ವ್ಯಾಪಾರದ ಆರಂಭದಿಂದಲೇ ಇರಬೇಕು.

## ಕಾಡಿನ ಮೀನು ಮತ್ತು ಸಾಕಣೆಯ ಮೀನು

ಜಗತ್ತಿನ ಸಿಹಿನೀರಿನ ಅಲಂಕಾರಿಕ ಮೀನುಗಳ ವ್ಯಾಪಾರದಲ್ಲಿ ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದ ಮೀನುಗಳೇ. ಭಾರತದ ಒಳ ಮಾರುಕಟ್ಟೆಯಲ್ಲೂ ಚೆನ್ನೈನ ಕೊಳತ್ತೂರು ಮತ್ತು ಕೋಲ್ಕತ್ತದ ಸುತ್ತಮುತ್ತ ಸಾಕಿದ ಗೋಲ್ಡ್‌ಫಿಶ್, ಗಪ್ಪಿ, ಮೋಲಿ, ಏಂಜೆಲ್ ಮೊದಲಾದ ವಿದೇಶಿ ಮೂಲದ ಮೀನುಗಳದೇ ಪ್ರಾಬಲ್ಯ. ಇದಕ್ಕೆ ವ್ಯತಿರಿಕ್ತವಾಗಿ, ಭಾರತದಿಂದ ರಫ್ತಾಗುವ ಸ್ಥಳೀಯ ಪ್ರಭೇದಗಳ ಬಹುಭಾಗವನ್ನು ನದಿ-ತೊರೆಗಳಿಂದಲೇ ಹಿಡಿಯಲಾಗುತ್ತದೆ. ಇದರಲ್ಲಿ ಈಶಾನ್ಯ ರಾಜ್ಯಗಳ ಪಾಲು ದೊಡ್ಡದು.

ನದಿಯಿಂದ ಹಿಡಿಯುವುದೆಲ್ಲವೂ ಹಾನಿಕರವೆಂದು ಹೇಳಲಾಗದು. ಬ್ರೆಜಿಲ್‌ನ ರಿಯೊ ನೆಗ್ರೊ ನದಿಯ ಬಾರ್ಸೆಲೋಸ್ ಪ್ರದೇಶದಲ್ಲಿ ಕಾರ್ಡಿನಲ್ ಟೆಟ್ರಾ ಮೀನನ್ನು ದಶಕಗಳಿಂದ ಹಿಡಿಯಲಾಗುತ್ತಿದೆ. ಅಲ್ಪಾಯುಷಿಯಾದ, ಪ್ರವಾಹದ ಕಾಲದಲ್ಲಿ ಅಪಾರವಾಗಿ ಹೆಚ್ಚಿ ನೀರು ಇಳಿದಾಗ ಸಹಜವಾಗಿಯೇ ಬಹುಸಂಖ್ಯೆಯಲ್ಲಿ ಸಾಯುವ ಈ ಮೀನಿನ ಸಂಗ್ರಹವು ಅಲ್ಲಿಯ ಜನರಿಗೆ ಕಾಡನ್ನು ಉಳಿಸಿಕೊಳ್ಳಲು ಆರ್ಥಿಕ ಕಾರಣವನ್ನು ಒದಗಿಸಿದೆ. ಪಿಯಾಬಾ ಯೋಜನೆಯು ಇದೇ ವಿಚಾರವನ್ನು ಆಧರಿಸಿದೆ. ಪಟ್ಟೆ ಬೋಟಿಯಾದಂತಹ, ಸೀಮಿತ ನೆಲೆಯ ಮೀನಿಗೆ ಈ ತರ್ಕ ಅನ್ವಯಿಸುವುದಿಲ್ಲ. ಹೇರಳವಾಗಿರುವ, ಬೇಗ ಸಂತಾನವೃದ್ಧಿ ಮಾಡುವ ಟಿಕ್ಟೊ ಪಕ್ಕೆ, ರಾಸ್ಬೊರಾ ಮತ್ತು ಗಾಜಿನ ಮೀನುಗಳಿಗೆ ಮಾತ್ರ ಎಚ್ಚರಿಕೆಯಿಂದ ಅನ್ವಯಿಸಬಹುದು.

ಬೇಸಿಗೆಯಲ್ಲಿ ಕಾಲುವೆಗಳಿಗೆ ನೀರು ನಿಲ್ಲಿಸಿದಾಗ ತಗ್ಗುಗಳಲ್ಲಿ ಸಿಕ್ಕಿಹಾಕಿಕೊಳ್ಳುವ ಮೀನುಗಳು ನೀರು ಬತ್ತಿದಂತೆ ಸಾಯುತ್ತವೆ ಅಥವಾ ಹಕ್ಕಿಗಳ ಪಾಲಾಗುತ್ತವೆ. ಇಂತಹ ತಗ್ಗುಗಳಿಂದ ತಾಯಿಮೀನುಗಳನ್ನು ಆರಿಸಿಕೊಂಡರೆ ನದಿಯ ಮೂಲ ಸಂಖ್ಯೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ.

## ಸಂತಾನೋತ್ಪತ್ತಿ ಮತ್ತು ಪಾಲನೆ

ಪಕ್ಕೆ ಮತ್ತು ಡೆವಾರಿಯೊ ಮೀನುಗಳು ಮೊಟ್ಟೆಗಳನ್ನು ಚದುರಿಸುವ ಜಾತಿಯವು. ಮೊಟ್ಟೆಗಳಿಗೆ ಕಾವಲು ಕಾಯುವುದಿಲ್ಲ, ಬದಲಿಗೆ ತಾವೇ ತಿನ್ನುತ್ತವೆ. ಆದ್ದರಿಂದ ಮರಿ ಮಾಡಿಸುವ ತೊಟ್ಟಿಯ ತಳದಲ್ಲಿ ಬಲೆಯನ್ನೋ ದಟ್ಟವಾದ ಜಲಸಸ್ಯವನ್ನೋ ಇಟ್ಟು, ಮೊಟ್ಟೆ ಇಟ್ಟ ಕೂಡಲೇ ದೊಡ್ಡ ಮೀನುಗಳನ್ನು ಬೇರ್ಪಡಿಸಲಾಗುತ್ತದೆ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಗಳು ಸಾಮಾನ್ಯವಾಗಿ ಒಂದರಿಂದ ಒಂದೂವರೆ ದಿನದಲ್ಲಿ ಒಡೆಯುತ್ತವೆ. ಮರಿಗಳು ಮತ್ತೆರಡು ಮೂರು ದಿನಗಳಲ್ಲಿ ಸ್ವತಂತ್ರವಾಗಿ ಈಜತೊಡಗುತ್ತವೆ. ಆರಂಭದಲ್ಲಿ ಅವುಗಳಿಗೆ ಸೂಕ್ಷ್ಮಜೀವಿಗಳ ಆಹಾರವನ್ನು, ಬಳಿಕ ಆರ್ಟೀಮಿಯಾ ಮರಿಗಳನ್ನು, ನಂತರ ಪುಡಿ ಆಹಾರವನ್ನು ಕೊಡಲಾಗುತ್ತದೆ.

ಬೋಟಿಯಾ ಗುಂಪಿನ ಮೀನುಗಳು ಸಾಮಾನ್ಯ ತೊಟ್ಟಿಗಳಲ್ಲಿ ಮರಿ ಮಾಡುವುದು ವಿರಳ. ಅವುಗಳಿಗೆ ಹಾರ್ಮೋನ್ ಚುಚ್ಚುಮದ್ದಿನ ನೆರವು ಬೇಕಾಗುತ್ತದೆ. ಇದು ಮನೆಯಂಗಳದ ಘಟಕಗಳಿಗಿಂತ ಸಂಶೋಧನಾ ಸಂಸ್ಥೆಗಳಿಗೆ ಹೊಂದುವ ಕೆಲಸ. ಮಂಗಳೂರಿನ ಮೀನುಗಾರಿಕೆ ಕಾಲೇಜು, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮತ್ತು ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಕಾರ್ಯಾಲಯದ ಕೊಚ್ಚಿ ಕೇಂದ್ರ ಈ ಕ್ಷೇತ್ರಕ್ಕೆ ಸಂಬಂಧಿಸಿದ ಸಂಸ್ಥೆಗಳು. ಹೊಸಪೇಟೆಯಲ್ಲಿ ತುಂಗಭದ್ರಾ ಮಂಡಳಿಯು ತನ್ನದೇ ಮೀನುಗಾರಿಕೆ ವಿಭಾಗವನ್ನು ಹೊಂದಿದೆ.

ಸಾಗಣೆಗೆ ಮುನ್ನ ಮೀನುಗಳನ್ನು ಒಂದೆರಡು ವಾರ ಪ್ರತ್ಯೇಕವಾಗಿರಿಸಿ ರೋಗ ಪರೀಕ್ಷಿಸುವುದು ಮತ್ತು ಕೊನೆಯ ಒಂದು ದಿನ ಆಹಾರ ನಿಲ್ಲಿಸುವುದು ರೂಢಿ. ಪಾಲಿಥೀನ್ ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದ ಭಾಗ ಆಮ್ಲಜನಕ ತುಂಬಿ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಇಡಲಾಗುತ್ತದೆ. ಬೆಂಗಳೂರು ಮತ್ತು ಹುಬ್ಬಳ್ಳಿಗಳಿಗೆ ಹೊಸಪೇಟೆಯಿಂದ ನೇರ ರೈಲು ಸಂಪರ್ಕವಿರುವುದು ಜೀವಂತ ಮೀನಿನ ಸಾಗಣೆಗೆ ಅನುಕೂಲ.

## ಜೀವನೋಪಾಯ

ಗಂಗಾಮತಸ್ಥ, ಬೆಸ್ತ, ಅಂಬಿಗ ಮೊದಲಾದ ಸಮುದಾಯಗಳು ಈ ಭಾಗದಲ್ಲಿ ಪರಂಪರೆಯಿಂದ ಮೀನುಗಾರಿಕೆ ಮತ್ತು ಹರಗೋಲು ನಡೆಸುವ ವೃತ್ತಿಯಲ್ಲಿವೆ. ಯಾವ ಮಡುವಿನಲ್ಲಿ ಯಾವ ಕಾಲಕ್ಕೆ ಯಾವ ಮೀನು ಸೇರುತ್ತದೆಂಬ ಇವರ ತಿಳಿವಳಿಕೆ ತಾಯಿಮೀನುಗಳ ಸಂಗ್ರಹಕ್ಕೂ ನದಿಯ ನಿಗಾವಣೆಗೂ ಅಮೂಲ್ಯವಾದದ್ದು. ಆಹಾರ ಮೀನಿನ ಬಲೆಗೆ ಬೀಳುವ ಸಣ್ಣ ಪಕ್ಕೆಗಳಿಗೆ ತೂಕದ ಲೆಕ್ಕದಲ್ಲಿ ಅಲ್ಪ ಬೆಲೆ ಸಿಗುತ್ತದೆ. ಅಲಂಕಾರಿಕ ಮಾರುಕಟ್ಟೆಯಲ್ಲಿ ಅದೇ ಮೀನಿಗೆ ಬಿಡಿಯಾಗಿ, ಜೀವಂತ ಸ್ಥಿತಿಗೆ ಬೆಲೆ ಕಟ್ಟಲಾಗುತ್ತದೆ. ಹೀಗಾಗಿ ಹೆಚ್ಚು ಹಿಡಿಯುವುದಕ್ಕಿಂತ ಗಾಯವಾಗದಂತೆ ಹಿಡಿಯುವುದು ಲಾಭದಾಯಕ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಅಲಂಕಾರಿಕ ಮೀನು ಸಾಕಣೆಗೆ ಪ್ರತ್ಯೇಕ ನೆರವಿದೆ. ಘಟಕ ವೆಚ್ಚವನ್ನು ಈ ಕೆಳಗಿನಂತೆ ನಿಗದಿಪಡಿಸಲಾಗಿತ್ತು.

* ಹಿತ್ತಲಿನ ಸಾಕಣೆ ಘಟಕ: 3 ಲಕ್ಷ ರೂಪಾಯಿ
* ಮಧ್ಯಮ ಪ್ರಮಾಣದ ಸಾಕಣೆ ಘಟಕ: 8 ಲಕ್ಷ ರೂಪಾಯಿ
* ಸಿಹಿನೀರಿನ ಸಮಗ್ರ ಸಂತಾನೋತ್ಪತ್ತಿ ಮತ್ತು ಸಾಕಣೆ ಘಟಕ: 25 ಲಕ್ಷ ರೂಪಾಯಿ

ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ಇದರ ಭಾಗವಾಗಿತ್ತು. ಹಿತ್ತಲಿನ ಘಟಕಗಳಿಗೆ ಹೆಚ್ಚಿನ ಜಾಗ ಬೇಕಿಲ್ಲವಾದ್ದರಿಂದ ಸ್ವಸಹಾಯ ಗುಂಪುಗಳಿಗೂ ಇವು ಹೊಂದುತ್ತವೆ.

## ಕಾನೂನು

ಹೊಸಪೇಟೆ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಭಾಗವನ್ನು 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗಳಿಗಾಗಿ ದೇಶದಲ್ಲಿ ಘೋಷಿತವಾದ ಮೊದಲ ಮೀಸಲು ಪ್ರದೇಶವಿದು. ಮೀನೇ ನೀರುನಾಯಿಯ ಪ್ರಧಾನ ಆಹಾರವಾದ್ದರಿಂದ ಇಲ್ಲಿಯ ಯಾವುದೇ ಮೀನು ಸಂಗ್ರಹ ವನ್ಯಜೀವಿ ಸಂರಕ್ಷಣೆಗೂ ಸಂಬಂಧಿಸಿದ ವಿಷಯವಾಗುತ್ತದೆ. ಸಂರಕ್ಷಣಾ ಮೀಸಲಿನಲ್ಲಿ ಸ್ಫೋಟಕ ಮತ್ತು ಹಾನಿಕಾರಕ ರಾಸಾಯನಿಕಗಳ ಬಳಕೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ.

ಒಳನಾಡಿನ ಮೀನುಗಾರಿಕೆಗೆ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ ಅನ್ವಯಿಸುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ರಚಿತವಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ತಮ್ಮ ವ್ಯಾಪ್ತಿಯ ಮೀನುಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸಬಹುದು. ರಫ್ತಿಗೆ ಸಂಬಂಧಿಸಿದಂತೆ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರವು ಸಿಹಿನೀರಿನ ಅಲಂಕಾರಿಕ ಮೀನುಗಳ ಹಸಿರು ಪ್ರಮಾಣೀಕರಣಕ್ಕೆ ಮಾರ್ಗಸೂಚಿಗಳನ್ನು ಹೊರತಂದಿದೆ. ಹಿಡಿಯುವ ವಿಧಾನ, ಪಾಲನೆ, ಸಾಗಣೆ ಮತ್ತು ದಾಖಲೆಗಳು ಇದರ ವ್ಯಾಪ್ತಿಗೆ ಬರುತ್ತವೆ.

## ಅಪಾಯಗಳು

* ನೀರಿನ ಹರಿವಿನ ಏರಿಳಿತ: ಅಣೆಕಟ್ಟಿನ ಕೆಳಗಿನ ಮೀನುಗಳ ಬದುಕು ಬಿಡುಗಡೆಯಾಗುವ ನೀರನ್ನು ಅವಲಂಬಿಸಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ ಭಾರಿ ಪ್ರಮಾಣದ ನೀರು ನದಿಗೆ ಹರಿಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಅಳವಡಿಸಲಾಯಿತು.
* ಹೂಳು ಮತ್ತು ಗಣಿಗಾರಿಕೆ: ಸಂಡೂರು ಭಾಗದಲ್ಲಿ ಗಣಿಗಳಿಂದ ಕೊಚ್ಚಿಬರುವ ಕೆಂಪು ಮಣ್ಣು ಹಳ್ಳಗಳ ತಳದ ಕಲ್ಲು-ಮರಳಿನ ಸಂದುಗಳನ್ನು ಮುಚ್ಚುತ್ತದೆ. ತಳದಲ್ಲಿ ಬದುಕುವ ಗಾರಾ ಮತ್ತು ಲೋಚ್ ಮೀನುಗಳಿಗೆ ಇದರಿಂದ ನೇರ ಹಾನಿ. ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದು, ನಂತರ ಷರತ್ತುಗಳೊಂದಿಗೆ ಹಂತಹಂತವಾಗಿ ಅನುಮತಿಸಿತು.
* ಮಾಲಿನ್ಯ: ಮೇಲ್ಭಾಗದ ಪಟ್ಟಣ ಮತ್ತು ಕೈಗಾರಿಕೆಗಳ ತ್ಯಾಜ್ಯ, ಗದ್ದೆಗಳ ಗೊಬ್ಬರ ಜಲಾಶಯವನ್ನು ಸೇರಿ ನೀರು ಹಸಿರುಗಟ್ಟಲು ಕಾರಣವಾಗುತ್ತವೆ.
* ಸಿಡಿಮದ್ದು ಮತ್ತು ವಿಷ: ಸಿಡಿಮದ್ದಿನಿಂದ ಮೀನು ಹಿಡಿದರೆ ಬೇಕಾದ ಮೀನಿನೊಂದಿಗೆ ಮರಿ, ಮೊಟ್ಟೆ, ಆಮೆಗಳೂ ನಾಶವಾಗುತ್ತವೆ.
* ವಿದೇಶಿ ಮೀನುಗಳು: ಸಾಕಿ ಬೇಸತ್ತವರು ಕೆರೆಗೆ ಬಿಡುವ ಸಕ್ಕರ್ ಮೀನು, ಸಾಕಣೆಯಿಂದ ತಪ್ಪಿಸಿಕೊಂಡ ತಿಲಾಪಿಯಾ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಸ್ಥಳೀಯ ಮೀನುಗಳ ಆಹಾರ ಮತ್ತು ನೆಲೆಯನ್ನು ಕಬಳಿಸುತ್ತವೆ. ಮಲೇರಿಯಾ ನಿಯಂತ್ರಣಕ್ಕೆ ಬಿಡಲಾಗುವ ಗಪ್ಪಿ ಮತ್ತು ಗ್ಯಾಂಬೂಸಿಯಾಗಳೂ ವಿದೇಶಿ ಮೂಲದವೇ. ಸೊಳ್ಳೆಮರಿ ತಿನ್ನುವ ಅಪ್ಲೊಕೈಲಸ್‌ನಂತಹ ದೇಶೀಯ ಮೀನುಗಳು ಇವಕ್ಕೆ ಪರ್ಯಾಯವಾಗಬಲ್ಲವು.

## ಸುಸ್ಥಿರ ವ್ಯಾಪಾರದ ತತ್ತ್ವಗಳು

ಮತ್ಸ್ಯ ಸಂರಕ್ಷಣೆಯ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ತತ್ತ್ವಗಳನ್ನು ಈ ಪ್ರದೇಶಕ್ಕೆ ಅನ್ವಯಿಸಿದಾಗ ಮುಖ್ಯವಾಗುವ ಅಂಶಗಳು ಇವು:

1. ಅಳಿವಿನ ಅಪಾಯದಲ್ಲಿರುವ ಪ್ರಭೇದಗಳನ್ನು ಮಾರಾಟಕ್ಕಾಗಿ ನದಿಯಿಂದ ಹಿಡಿಯದಿರುವುದು; ಸಂಶೋಧನಾ ಸಂಸ್ಥೆಗಳ ಮರಿ ಉತ್ಪಾದನೆಗೆ ಮಾತ್ರ ಅನುಮತಿಯೊಂದಿಗೆ ಕೆಲವನ್ನು ಸಂಗ್ರಹಿಸುವುದು.
2. ಹೇರಳವಾಗಿರುವ ಪ್ರಭೇದಗಳಲ್ಲಿಯೂ ತಾಯಿಮೀನುಗಳನ್ನಷ್ಟೇ ಹಿಡಿದು, ಮಾರಾಟಕ್ಕೆ ಅವುಗಳ ಮರಿಗಳನ್ನು ಬಳಸುವುದು.
3. ಮೊಟ್ಟೆಯಿಡುವ ಕಾಲದಲ್ಲಿ ಸಂಗ್ರಹ ನಿಲ್ಲಿಸುವುದು. ಕೈಬಲೆಯಂತಹ ಮೃದು ಸಲಕರಣೆಗಳನ್ನೇ ಬಳಸುವುದು.
4. ಪ್ರಭೇದ, ಸ್ಥಳ, ದಿನಾಂಕ ಮತ್ತು ಸಂಖ್ಯೆಯನ್ನು ಪ್ರತಿ ಸಂಗ್ರಹದಲ್ಲೂ ದಾಖಲಿಸುವುದು.
5. ತೊಟ್ಟಿಯಲ್ಲಿ ಹುಟ್ಟಿದ ಮೀನುಗಳನ್ನು ವೈಜ್ಞಾನಿಕ ಯೋಜನೆಯಿಲ್ಲದೆ ನದಿಗೆ ಬಿಡದಿರುವುದು. ಬೇರೆ ಹೊಳೆಯ ಮೀನಿನೊಂದಿಗೆ ಬೆರಕೆಯಾದ ಅಥವಾ ರೋಗ ತಗುಲಿದ ಮರಿಗಳು ನದಿಯ ಮೂಲ ಸಂತತಿಗೆ ಹಾನಿ ತರಬಲ್ಲವು.
6. ಮೀನುಗಾರರ ಸಹಕಾರ ಸಂಘಗಳ ಮೂಲಕ ಮಾರಾಟ ನಡೆಸಿ, ಅಂತಿಮ ಬೆಲೆಯಲ್ಲಿ ಹಿಡಿಯುವವರ ಮತ್ತು ಸಾಕುವವರ ಪಾಲನ್ನು ಹೆಚ್ಚಿಸುವುದು.

## ಇವನ್ನೂ ನೋಡಿ

* ತುಂಗಭದ್ರಾ ನದಿ
* ತುಂಗಭದ್ರಾ ಅಣೆಕಟ್ಟು
* ನೀರುನಾಯಿ
* ದರೋಜಿ ಕರಡಿಧಾಮ
* ಅಕ್ವೇರಿಯಂ